ನಾಲ್ಕನೆಯ ಹೆಜ್ಜೆ

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಸಪ್ಪಳಕ್ಕ ಎನ್ನುತ್ತಾರೆ. ಸಿನಿಮಾದ ನಾಯಕಿ ಮೆಟ್ಟಿಲಿಳಿಯುವಾಗ ಕೇಳುವ ಚಪ್ಪಲಿಯ ಸದ್ದು ನಾಯಕಿಯದಲ್ಲ, ಇವಳದು. ಮುದುಕನೊಬ್ಬ ಏಳುವಾಗ ಮಂಚ ಕಿರ್ರೆನ್ನುವುದು, ಖಳನಾಯಕ ತಿನ್ನುವ ಕೆನ್ನೆಯೇಟಿನ ಛಟೀರ್, ಮಗು ನೀರು ಕುಡಿಯುವ ಗುಟುಕು, ಎಲ್ಲವೂ ಇವಳ ಕೈಕಾಲುಗಳಿಂದ ಹುಟ್ಟಿದ್ದು. ಚಿತ್ರೀಕರಣ ಮುಗಿದ ಮೇಲೆ ಪರದೆಯ ಮುಂದೆ ನಿಂತು, ಅಲ್ಲಿಯವರು ಕಾಲಿಟ್ಟಾಗ ಇಲ್ಲಿ ತಾನೂ ಕಾಲಿಡುತ್ತಾಳೆ. ಅವಳ ಕೋಣೆಯ ನೆಲ ಐದು ತುಂಡು: ಮರ, ಸಿಮೆಂಟು, ಟೈಲ್ಸು, ಮರಳು, ಜಲ್ಲಿ. ಮೂಲೆಯ ಗೋಣಿಚೀಲದಲ್ಲಿ ಅರವತ್ತು ಜೊತೆ ಚಪ್ಪಲಿ, ಬೂಟು. ಒಂದೂ ಹೊಸದಲ್ಲ, ಹೊಸ ಚಪ್ಪಲಿ ಸುಳ್ಳು ಹೇಳುತ್ತದಂತೆ. ಇಪ್ಪತ್ತೆರಡು ವರ್ಷದ ಈ ದುಡಿಮೆಯಲ್ಲಿ ಅವಳ ಮೊಣಕಾಲು ಸವೆದಿದೆ, ಕಿವಿ ಸವೆದಿಲ್ಲ.

ಇಷ್ಟು ವರ್ಷದಲ್ಲಿ ಅವಳು ಇಟ್ಟ ಹೆಜ್ಜೆಗಳಿಗೆ ಲೆಕ್ಕವಿಲ್ಲ. ಜನ ನೆನಪಿಟ್ಟುಕೊಂಡದ್ದು ಮೂರನ್ನು ಮಾತ್ರ.

ಐದು ವರ್ಷದ ಹಿಂದೆ ಹೊಸ ಡೈರೆಕ್ಟರೊಬ್ಬ ಹಳೆಯ ವಿಡಿಯೋ ಕ್ಯಾಮೆರಾ ಹಿಡಿದುಕೊಂಡು ಅವಳ ಮನೆಗೆ ಬಂದಿದ್ದ. ಅವನ ತಲೆಯಲ್ಲಿ ಒಂದು ದೆವ್ವದ ಕಥೆ. ಬಾಡಿಗೆ ಮನೆಗೆ ಬರುವ ಗಂಡಹೆಂಡತಿ. ಗಂಡನಿಗೆ ಕಂಡದ್ದನ್ನೆಲ್ಲ ಚಿತ್ರ ಹಿಡಿಯುವ ಹುಚ್ಚು. ಒಂದು ದಿನ ಇಬ್ಬರೂ ಇಲ್ಲ, ಕ್ಯಾಮೆರಾ ಮಾತ್ರ ಸಿಕ್ಕುತ್ತದೆ. ಅದರೊಳಗೆ ಉಳಿದಿದ್ದ ಟೇಪೇ ಇಡೀ ಸಿನಿಮಾ. ಸ್ಟುಡಿಯೋ ಹಿಡಿಯುವ ಶಕ್ತಿ ಅವನಿಗಿರಲಿಲ್ಲ. ಅವಳ ಅಡುಗೆಮನೆಯಲ್ಲೇ, ಬೀದಿ ಮಲಗುವ ಮಧ್ಯಾಹ್ನದ ಎರಡು ಗಂಟೆಗೆ, ಅದೇ ಕ್ಯಾಮೆರಾದ ಪುಟ್ಟ ಮೈಕಿನಲ್ಲಿ ಸದ್ದು ಹಿಡಿದರು. ಅತ್ತೆಗೆ ಕೆಮ್ಮಬೇಡಿ ಎಂದು ಕೈಮುಗಿದು ಹೇಳಿದ್ದಾಯಿತು.

ಕೊನೆಯ ದೃಶ್ಯದಲ್ಲಿ ಕ್ಯಾಮೆರಾ ಗಂಡನ ಕೈಯಿಂದ ಜಾರಿ ಅಡುಗೆಮನೆಯ ನೆಲಕ್ಕೆ ಬೀಳುತ್ತದೆ. ಆಮೇಲೆ ಕಾಣುವುದು ಒಂದು ಸ್ಟೂಲಿನ ಕಾಲು, ಅಷ್ಟೇ. ಫ್ರಿಜ್ಜು ಗುಂಯ್‌ಗುಡುತ್ತಿರುತ್ತದೆ. ಅದೂ ಟಕ್ಕೆಂದು ನಿಲ್ಲುತ್ತದೆ. ಆಗ ಎಲ್ಲೋ ಹಿಂದಿನಿಂದ ಒದ್ದೆ ಬರಿಗಾಲು: ಪಚಕ್. ಪಚಕ್. ಪಚಕ್. ನಾಲ್ಕನೆಯದು ಬರುವುದಿಲ್ಲ. ಹನ್ನೊಂದು ಸೆಕೆಂಡು ಏನೂ ಇಲ್ಲ. ಟೇಪು ಮುಗಿಯುತ್ತದೆ.

ಅವತ್ತು ಡೈರೆಕ್ಟರು ಕೇಳಿದ್ದ, “ಯಾಕಕ್ಕಾ ನಿಲ್ಲಿಸಿಬಿಟ್ರಿ?”

“ಗೊತ್ತಿಲ್ಲ ಕಣೋ. ಕಾಲು ಏಳಲಿಲ್ಲ.”

“ಹಾಗೇ ಇರ್ಲಿ. ಚೆನ್ನಾಗಿದೆ.”

ಚಿತ್ರಮಂದಿರದಲ್ಲಿ ಆ ಹನ್ನೊಂದು ಸೆಕೆಂಡು ಯಾರೂ ಕಿರುಚಲಿಲ್ಲ. ಮುನ್ನೂರು ಜನ ಒಟ್ಟಿಗೆ ಉಸಿರು ಹಿಡಿದರೆ ಅದಕ್ಕೂ ಒಂದು ಭಾರವಿರುತ್ತದೆ. ಅವಳು ಅದನ್ನು ಕಿವಿಯಿಂದ ತೂಗಿದಳು. ಹಿಂದಿನ ಸಾಲಿನಿಂದ ಒಂದು ಹೆಂಗಸಿನ ದನಿ, “ಲೈಟ್ ಹಾಕ್ರೀ ಯಾರಾದ್ರೂ” ಎಂದು ಬೇಡಿಕೊಂಡಿತು. ಮನೆಗೆ ಬಂದ ಮೇಲೆ ಅತ್ತೆ ಹದಿನೈದು ದಿನ ಅಡುಗೆಮನೆಗೆ ಒಬ್ಬರೇ ಹೋಗಲಿಲ್ಲ. “ನಿನ್ನ ಕಾಲೇ ಅಂತ ಗೊತ್ತಿದ್ರೂ ಎದೆ ಹೊಡ್ಕೊಳ್ಳುತ್ತಲ್ಲೇ. ಹಾಳಾದವಳೇ, ಮನೆಯೊಳಗೆ ಚಪ್ಪಲಿ ಹಾಕ್ಕೊಂಡು ಓಡಾಡು” ಎಂದು ಬೈದರು. ಸಪ್ಪಳಕ್ಕನಿಗೆ ಅದಕ್ಕಿಂತ ದೊಡ್ಡ ಬಹುಮಾನ ಈವರೆಗೆ ಬಂದಿಲ್ಲ.

ಈಗ ಎರಡನೆಯ ಭಾಗ. ಅದೇ ಡೈರೆಕ್ಟರು, ಆದರೆ ಈಗ ಅವನ ಹಿಂದೆ ನಿರ್ಮಾಪಕರಿದ್ದಾರೆ, ನಿರ್ಮಾಪಕರ ಹಿಂದೆ ಇನ್ನಾರೋ ಇದ್ದಾರೆ. ಕಳೆದುಹೋದ ಗಂಡಹೆಂಡತಿಯನ್ನು ಹುಡುಕಲು ಆರು ಜನ ಹತ್ತು ಕ್ಯಾಮೆರಾ ಹೊತ್ತು ಅದೇ ಮನೆಗೆ ಹೋಗುತ್ತಾರೆ. ಮೊದಲ ದಿನವೇ ಅವಳು ಪರದೆಯ ಮೇಲಿನ ಚಿತ್ರ ನಿಲ್ಲಿಸಲು ಹೇಳಿದಳು.

“ತಮ್ಮಾ, ಇಲ್ಲಿ ಆರೂ ಜನ ಕಾಣ್ತಿದ್ದಾರೆ. ಕ್ಯಾಮೆರಾ ಯಾರ ಕೈಲಿದೆ?”

ಡೈರೆಕ್ಟರು ಎಣಿಸಿದ. ತಲೆ ಕೆರೆದುಕೊಂಡ. “ಜನ ಅಷ್ಟೆಲ್ಲ ನೋಡಲ್ಲ ಅಕ್ಕಾ.”

“ನಾನು ನೋಡ್ಬೇಕಲ್ಲ. ಕಿವಿ ಎಲ್ಲಿದೆ ಅಂತ ಗೊತ್ತಾಗದೆ ಹೆಜ್ಜೆ ಎಷ್ಟು ದೂರದಲ್ಲಿಡಲಿ? ಇನ್ನೊಂದು ಮಾತು. ಸಿಕ್ಕಿದ ಟೇಪು ಅಂತೀಯ, ಹಿಂದೆ ಪಿಟೀಲು ಕೇಳ್ತಿದೆ. ಬಾರಿಸ್ತಿರೋರು ಯಾರು, ಸತ್ತೋರಾ?”

ಸದ್ದು, ಮಾತು, ಸಂಗೀತಗಳನ್ನು ಬೆರೆಸುವ ಮಿಕ್ಸಿಂಗಿನವನು ಮುಖ ಆಚೆ ತಿರುಗಿಸಿ ನಕ್ಕ. ಡೈರೆಕ್ಟರು ನಗಲಿಲ್ಲ. “ಮೊದಲನೇದು ಚಿಕ್ಕ ಸಿನಿಮಾ ಅಕ್ಕಾ. ಇದು ದೊಡ್ಡದು.”

ಅಲ್ಲಿಂದ ಮೂರು ವಾರ ಹಗ್ಗಜಗ್ಗಾಟ. ಇದರಲ್ಲೂ ಕೊನೆಗೆ ಕ್ಯಾಮೆರಾ ಅದೇ ಅಡುಗೆಮನೆಯಲ್ಲಿ ಬೀಳುತ್ತದೆ, ಅದೇ ಒದ್ದೆ ಕಾಲು ಬರುತ್ತದೆ. ಹೆಜ್ಜೆ ಏಳಿರಲಿ, ಆಮೇಲೆ ಒಂದು ಆರ್ಭಟವಿರಲಿ, ನೆಲ ನಡುಗಲಿ ಎಂದು ಅವನ ಆಸೆ. ಉಳಿದದ್ದಕ್ಕೆಲ್ಲ ಅವಳು ತಲೆ ಬಾಗಿಸಿದಳು. ಒಡೆಯುವ ಕಿಟಕಿಗೆ ಹನ್ನೆರಡು ಗಾಜು ಒಡೆದಳು, ಮುರಿಯುವ ಕುತ್ತಿಗೆಗೆ ಒಣ ಕಡ್ಡಿಗಳ ಕಟ್ಟನ್ನೇ ಮುರಿದಳು. ಈ ಒಂದಕ್ಕೆ ಮಾತ್ರ ಬಗ್ಗಲಿಲ್ಲ. ನಾಲ್ಕನೆಯ ಹೆಜ್ಜೆ ಬರಕೂಡದು.

“ಯಾಕೆ ಅಂತ ಒಂದು ಕಾರಣ ಕೊಡಿ ಅಕ್ಕಾ. ನಿರ್ಮಾಪಕರಿಗೆ ಹೇಳೋಕಾದ್ರೂ ಬೇಕಲ್ಲ.”

ಅವಳಿಗೆ ಕಾರಣ ಬಾಯಿಗೆ ಬರಲಿಲ್ಲ. ಬದುಕೆಲ್ಲ ಕೈಕಾಲಿನಲ್ಲಿ ಮಾತಾಡಿದವಳು. “ಬೇಡ ಅಂದ್ರೆ ಬೇಡ” ಎಂದಳು. ಹಟಮಾರಿ ಮುದುಕಿಯ ಮಾತಿನಂತೆ ಅದು ತನಗೇ ಕೇಳಿಸಿ, ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದವು. ಅವನೇ ಸುಸ್ತಾಗಿ ಒಪ್ಪಿಕೊಂಡ. “ಆಯ್ತು ಮಾರಾಯ್ತಿ, ಮೂರೇ ಇರ್ಲಿ. ಹನ್ನೊಂದು ಸೆಕೆಂಡು ನಿಮ್ದು.”

ಮಿಕ್ಸಿಂಗಿನ ಕೊನೆಯ ದಿನ ಅವಳು ಕೇಳಲು ಹೋದಳು. ಮಧ್ಯಾಹ್ನದ ಮೂರು ಗಂಟೆ. ಸಂಜೆ ಐದಕ್ಕೆ ಸಿನಿಮಾ ನಿರ್ಮಾಪಕರ ಕೈಸೇರಬೇಕು, ಆಮೇಲೆ ಏನೂ ಬದಲಾಯಿಸುವಂತಿಲ್ಲ. ಪರದೆಯಲ್ಲಿ ಕ್ಯಾಮೆರಾ ಬಿತ್ತು. ಪಚಕ್, ಪಚಕ್, ಪಚಕ್. ಅವಳು ಕಣ್ಣು ಮುಚ್ಚಿದಳು. ಆ ಕ್ಷಣವೇ ನಲವತ್ತು ಪಿಟೀಲು ಒಟ್ಟಿಗೆ ಎದ್ದು, ಮೇಲೆ ನಗಾರಿ ಬಿದ್ದು, ಕುರ್ಚಿಯ ತೋಳು ಗಡಗಡ ನಡುಗಿತು.

“ನನ್ನ ಹನ್ನೊಂದು ಸೆಕೆಂಡು ಎಲ್ಲೋ?”

ಮಿಕ್ಸಿಂಗಿನವನು ಕಂಪ್ಯೂಟರಿನಲ್ಲಿ ಒಂದು ಉದ್ದನೆಯ ಖಾಲಿ ಪಟ್ಟಿಯನ್ನು ಬೆರಳಿಟ್ಟು ತೋರಿಸಿದ. “ಇಲ್ಲೇ ಇದೆಯಲ್ಲ ಅಕ್ಕಾ, ನಿಮ್ಮ ಟ್ರ್ಯಾಕು. ನಾನು ಮುಟ್ಟಿಯೇ ಇಲ್ಲ. ಅದರ ಮೇಲೆ ಮ್ಯೂಸಿಕ್ ಇದೆ ಅಷ್ಟೇ.”

ಅವನು ತಮಾಷೆ ಮಾಡುತ್ತಿರಲಿಲ್ಲ. ಪಾಪ, ಮಾತು ಉಳಿಸಿಕೊಂಡೆನೆಂಬ ಹೆಮ್ಮೆ ಅವನ ಮುಖದಲ್ಲಿತ್ತು. ನಿಶ್ಶಬ್ದ ಇದೆ, ಕೇಳಿಸುವುದಿಲ್ಲ ಅಷ್ಟೇ. ಇದಕ್ಕೆ ಅಳಬೇಕೋ ನಗಬೇಕೋ ತಿಳಿಯದೆ ಅವಳು ಡೈರೆಕ್ಟರ ಕಡೆ ನೋಡಿದಳು.

“ನಿನ್ನೆ ಇಪ್ಪತ್ತು ಜನರಿಗೆ ಹಾಕಿ ತೋರಿಸಿದ್ವಿ ಅಕ್ಕಾ” ಎಂದ ಅವನು. “ಅಲ್ಲಿ ಹೇಗೆ ಕಿರುಚಿದ್ರು ಗೊತ್ತಾ!”

“ಬಲೂನು ಒಡೆದ್ರೂ ಕಿರುಚ್ತಾರೆ. ಆಮೇಲೆ ಏನು ಮಾಡಿದ್ರು?”

“ಆಮೇಲಾ? ನಕ್ರು. ಚಪ್ಪಾಳೆ ಹೊಡೆದ್ರು.”

“ಮೊದಲನೇದಕ್ಕೆ ಯಾರಾದ್ರೂ ನಕ್ಕಿದ್ರಾ?”

ಅವನು ಗಡಿಯಾರ ನೋಡಿದ. ಮೂರು ಹೆಜ್ಜೆಯಾದ ಮೇಲೆ ನಗಾರಿ ಬಿದ್ದರೆ ಏನೋ ಕೊರತೆ ಕಾಣುತ್ತದೆ, ನಗಾರಿಯ ಏಟಿಗೇ ಸರಿಯಾಗಿ ನಾಲ್ಕನೆಯದೂ ಬೀಳಲಿ ಎಂದು ನಿರ್ಮಾಪಕರು ಬೆಳಿಗ್ಗೆ ಫೋನು ಮಾಡಿದ್ದಾರೆಂದು ನಿಧಾನವಾಗಿ ಹೇಳಿದ. ಅವಳಿಗೆ ಇಷ್ಟವಿಲ್ಲದಿದ್ದರೆ ತೊಂದರೆಯಿಲ್ಲ. ಕಂಪ್ಯೂಟರಿನಲ್ಲಿ ಸಾವಿರಾರು ರೆಡಿಮೇಡ್ ಹೆಜ್ಜೆಗಳಿವೆ. ಮಿಕ್ಸಿಂಗಿನವನು ಒಂದನ್ನು ಹಾಕಿದ. ಒಣಗಾಲು, ಮರದ ನೆಲ, ಯಾರೋ ದಪ್ಪ ಗಂಡಸು. ಇನ್ನೊಂದು ಹಾಕಿದ. ಒದ್ದೆ ನಿಜ, ಆದರೆ ಆ ಕಾಲು ಈಜುಕೊಳದಿಂದ ಖುಷಿಯಾಗಿ ಎದ್ದು ಬಂದದ್ದು.

“ಇದಾಗುತ್ತೆ” ಎಂದ ಡೈರೆಕ್ಟರು.

ಮೂರು ಹೆಜ್ಜೆ ತನ್ನದು, ನಾಲ್ಕನೆಯದು ಯಾವನದೋ. ದೆವ್ವಕ್ಕೆ ನಡುದಾರಿಯಲ್ಲಿ ಕಾಲು ಬದಲಾಯಿಸಿದ ಹಾಗೆ. ಅವಳು ಎದ್ದಳು.

“ತೆಗಿ ಅದನ್ನ. ಬಕೆಟ್ ತರಿಸು. ನಾನೇ ಇಡ್ತೀನಿ.”

ತನ್ನ ಕೋಣೆಗೆ ಹೋಗಿ ಟೈಲ್ಸಿನ ತುಂಡಿನ ಮೇಲೆ ನಿಂತು ಬಲಗಾಲನ್ನು ನೀರಿನಲ್ಲಿ ಅದ್ದಿದಳು. ಕೆಟ್ಟದಾಗಿ ಇಟ್ಟುಬಿಡಲೇ ಎಂದೊಮ್ಮೆ ಅನ್ನಿಸಿತು. ಆದರೆ ಇಪ್ಪತ್ತೆರಡು ವರ್ಷದ ಕಾಲು ಅವಳ ಮಾತು ಕೇಳಲಿಲ್ಲ. ಹಿಮ್ಮಡಿ ಮೊದಲು, ಆಮೇಲೆ ಬೆರಳು ಒಂದೊಂದಾಗಿ, ಕೊನೆಗೆ ಇಡೀ ಮೈಭಾರ. ಪಚಕ್. ಒಂದೇ ಸಲಕ್ಕೆ ಸರಿಯಾಯಿತು.

“ಅದ್ಭುತ ಅಕ್ಕಾ!” ಗಾಜಿನಾಚೆಯಿಂದ ಡೈರೆಕ್ಟರು ಹೆಬ್ಬೆರಳೆತ್ತಿದ. “ಇಷ್ಟಕ್ಕೆ ಮೂರು ವಾರ ಜಗಳ ಆಡಿದ್ರಲ್ಲ!”

ಅವಳು ಕಾಲನ್ನು ಟವೆಲಿನಿಂದ ಒರೆಸಿ, ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿ, ಮನೆಗೆ ಹೊರಟಳು.

ಬಸ್ಸು ತಡವಾಗಿ ಸಿಕ್ಕಿತು, ಸಿಗ್ನಲ್ಲುಗಳಲ್ಲಿ ನಿಂತದ್ದೇ ಹೆಚ್ಚು. ಮನೆ ಮುಟ್ಟುವಾಗ ಐದೂವರೆ. ಅತ್ತೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದರು. ಸೊಸೆಯ ಮುಖ ನೋಡಿ ಒಂದು ದಿಂಬಿನ ಚೀಲವನ್ನು ಅವಳತ್ತ ಎಸೆದರು, ನೀನೂ ಮಡಚು ಎನ್ನುವಂತೆ.

“ಏನಾಯ್ತೇ ನಿನ್ನ ದೆವ್ವ?”

“ನಾಲ್ಕನೇ ಹೆಜ್ಜೆನೂ ಇಡಿಸಿದ್ರು ಅತ್ತೆ.”

“ಅಂದ್ರೆ ಬಂದೇಬಿಡ್ತಾ?”

“ಹೂಂ. ಬಂತು.”

“ಬಂದ್ಮೇಲೆ ಇನ್ನೇನು?” ಅತ್ತೆ ಒಂದು ಲಂಗದ ಲಾಡಿಯನ್ನು ಸರಿಮಾಡುತ್ತ ಹೇಳಿದರು. “ಒಂದು ಲೋಟ ನೀರು ಕೊಟ್ಟು ಕೂರ್ಸು. ಬರೋವರೆಗೆ ತಾನೇ ಹೆದರಿಕೆ? ಬಂದೋರ್ಗೆ ಯಾರು ಹೆದರ್ತಾರೆ?”

ಸಪ್ಪಳಕ್ಕ ದಿಂಬಿನ ಚೀಲ ಹಿಡಿದು ನಿಂತೇ ಇದ್ದಳು. ಇದೇ ಕಾರಣ. ಮೂರು ವಾರ ಡೈರೆಕ್ಟರು ಕೇಳಿದ್ದೂ ಇದನ್ನೇ, ತಾನು ತಡಕಾಡಿದ್ದೂ ಇದಕ್ಕೇ. ಗೋಡೆಯ ಗಡಿಯಾರ ಐದು ಮುಕ್ಕಾಲು ತೋರಿಸುತ್ತಿತ್ತು. ಸಿನಿಮಾ ಕಳಿಸಿ ಆಗಲೇ ಮುಕ್ಕಾಲು ಗಂಟೆಯಾಗಿತ್ತು.

“ಅತ್ತೆ, ಇದನ್ನ ಬೆಳಿಗ್ಗೆನೇ ಹೇಳ್ಬಾರದಿತ್ತಾ?”

“ಬೆಳಿಗ್ಗೆ ನೀನು ಕೇಳಿದ್ಯಾ?”