ಮೂರೇ ಮೂರು ಕೆಂಪು

೨೦೧೪ರಲ್ಲಿ ನಾನು ನೈರೋಬಿಯ ರಿವರ್‌ಸೈಡ್‌ನಲ್ಲಿದ್ದ ಒಂದು ಕನ್ಸಲ್ಟೆನ್ಸಿಯಲ್ಲಿ ಮಾನಿಟರಿಂಗ್ ಎಂಜಿನಿಯರ್ ಆಗಿದ್ದೆ. ವಿದೇಶಿ ನೆರವಿನಿಂದ ನೆರೆದೇಶದ ಗಡಿ ದಾಟಿ ಹೋಗುವ ಹೆದ್ದಾರಿಯೊಂದನ್ನು ಕಟ್ಟಲಾಗುತ್ತಿತ್ತು. ಕಟ್ಟುವವರು ಬೇರೆ, ಅವರ ಮೇಲ್ವಿಚಾರಕರು ಬೇರೆ. ಇವರಿಬ್ಬರೂ ಹೇಳುವುದು ನಿಜವೇ ಎಂದು ಮೂರು ತಿಂಗಳಿಗೊಮ್ಮೆ ಹೋಗಿ ನೋಡಿ ನೆರವು ಕೊಟ್ಟವರಿಗೆ ವರದಿ ಬರೆಯುವುದು ನನ್ನ ಪಾಲಿನ ಕೆಲಸ. ಚಿಂತೆ ಮಾಡುವುದಕ್ಕೇ ಸಂಬಳ ಅನ್ನಿ. ಪಾರ್ಕ್‌ಲ್ಯಾಂಡ್ಸ್‌ನ ಫ್ಲ್ಯಾಟಿಗೆ ಬೀಗ ಹಾಕಿ ಕೆಳಗಿಳಿದು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮತ್ತೆ ನಾಲ್ಕು ಮಹಡಿ ಹತ್ತುವ ನನ್ನಂಥವನಿಗೆ ಇದಕ್ಕಿಂತ ಒಪ್ಪುವ ಉದ್ಯೋಗ ಇನ್ನೆಲ್ಲಿ ಸಿಗಬೇಕು?

ವರದಿಯಲ್ಲಿ ಪ್ರತಿ ಅಂಶಕ್ಕೂ ಒಂದು ಬಣ್ಣ. ಹಸಿರೆಂದರೆ ಸರಿಯಾಗಿದೆ. ಹಳದಿಯೆಂದರೆ ಮುಂದಿನ ಭೇಟಿಯಲ್ಲಿ ನೋಡೋಣ. ಕೆಂಪೆಂದರೆ, ಸರಿಪಡಿಸುವವರೆಗೆ ಆ ಭಾಗದ ಕೆಲಸ ನಿಲ್ಲಲೇಬೇಕು.

ಆ ಜುಲೈನಲ್ಲಿ ಡ್ರೈವರ್ ಮುಟುವಾ ಜೊತೆ ಹೋದಾಗ, ಒಂದು ಹಳ್ಳಿಯ ಬಳಿ ರೋಲರ್ ಎದುರಿಗೆ ಇಪ್ಪತ್ತು ಹೆಂಗಸರು ನೀರಿನ ಜೆರಿಕ್ಯಾನ್‌ಗಳನ್ನಿಟ್ಟುಕೊಂಡು ಕೂತುಬಿಟ್ಟಿದ್ದರು. ಪಕ್ಕದಲ್ಲಿ ಅವರ ಕತ್ತೆಗಳು. ಹಳ್ಳಿ ರಸ್ತೆಯ ಒಂದು ಕಡೆ, ಬೋರ್‌ವೆಲ್ ಇನ್ನೊಂದು ಕಡೆ, ನಡುವೆ ಮೂರು ಮೀಟರ್ ಎತ್ತರದ ಮಣ್ಣಿನ ಏರಿ. ನಕ್ಷೆಯಲ್ಲಿ ಅಲ್ಲೊಂದು ಬಾಕ್ಸ್ ಕಲ್ವರ್ಟ್ ಇತ್ತು. ಅಂದರೆ ಮಳೆನೀರೂ ಹರಿಯಬಹುದಾದ, ಕತ್ತೆ ಸಮೇತ ಜನರೂ ದಾಟಬಹುದಾದ ಕಾಂಕ್ರೀಟಿನ ಕಂಡಿ. ಗುತ್ತಿಗೆದಾರರು ಅದನ್ನು ಬಿಟ್ಟು ಕೊಳವೆಗಳನ್ನು ಹೂತಿದ್ದರು. ಬದಲಾವಣೆಗೆ ಒಪ್ಪಿಗೆ ಪತ್ರ, ಸಹಿ, ಸೀಲು ಎಲ್ಲವೂ ಕ್ರಮವಾಗಿದ್ದವು.

ನೀರಿನ ಸಮಿತಿಯ ಮುಖ್ಯಸ್ಥೆ ಮಾಮಾ ಹಲೀಮಾ (ಅಲ್ಲಿ ಮಾಮಾ ಎಂದರೆ ಅಮ್ಮ), ಅರವತ್ತರ ಆಸುಪಾಸಿನವರು, ಎದ್ದು ಬಂದರು. ನನ್ನ ಸ್ವಾಹಿಲಿ ತರಕಾರಿ ಚೌಕಾಸಿಯಷ್ಟಕ್ಕೇ ಇದ್ದುದರಿಂದ ಮುಟುವಾ ಅನುವಾದಿಸಿದ.

“ನೀರು ಹೋಗೋಕೆ ದಾರಿ ಬಿಟ್ಟಿದ್ದೀರಿ. ನೀರು ತರೋರಿಗೆ ಬಿಟ್ಟಿಲ್ಲ. ನನ್ನ ತಂಗಿಗೆ ಮಂಡಿನೋವು. ಲಾರಿ ಬಂದ್ರೆ ಅವಳು ಓಡ್ತಾಳೇನು?” ನನ್ನ ನೋಟ್‌ಬುಕ್ಕಿನ ಕಡೆ ಬೆರಳು ಮಾಡಿದರು. “ಬರೀ, ಬ್ವಾನಾ. ನನ್ನ ಎದುರಿಗೇ ಬರೀ.” ಬ್ವಾನಾ ಎಂದರೆ ಸಾಹೇಬ.

ಬರೆದೆ. ಅವರಿಗೆ ಓದು ಬರುತ್ತಿರಲಿಲ್ಲ. ಆದರೂ ಪುಟವನ್ನು ಒಂದಷ್ಟು ಹೊತ್ತು ನೋಡಿ “ಸವಾ” ಎಂದರು, ಆಗಲಿ ಎಂಬಂತೆ. ಹೋಗಿ ಹೆಂಗಸರ ಜೊತೆ ಮಾತಾಡಿದರು. ಒಬ್ಬೊಬ್ಬರಾಗಿ ಎದ್ದರು. ರೋಲರ್ ಚಾಲೂ ಆಯಿತು. ಸೈಟ್ ಎಂಜಿನಿಯರ್ ಬಂದು ನನ್ನ ಕೈ ಕುಲುಕಿದ. ಹೇಳಲು ನಾಚಿಕೆಯಾಗುತ್ತದೆ, ನನಗೆ ಹೆಮ್ಮೆಯಾಯಿತು.

ನೈರೋಬಿಗೆ ಮರಳಿ ವರದಿ ಬರೆದೆ. ನಲವತ್ತೊಂದು ಅಂಶಗಳಲ್ಲಿ ಇಪ್ಪತ್ತಾರು ಕೆಂಪು. ನಮ್ಮ ಟೀಮ್ ಲೀಡರ್ ಮೈಸೂರಿನ ಸುಧಾ ಮೇಡಂ ಕರೆಸಿದರು.

“ಏನ್ರೀ ಮೂರ್ತಿ, ರಿಪೋರ್ಟ್ ಬರ್ದಿದೀರೋ, ಕುಂಕುಮಾರ್ಚನೆ ಮಾಡಿದೀರೋ?”

“ಎಲ್ಲಾನೂ ಸೀರಿಯಸ್ಸೇ ಮೇಡಂ.”

“ಸೈಟ್ ಟಾಯ್ಲೆಟ್‌ಗೆ ಬಾಗಿಲಿಲ್ಲ ಅನ್ನೋದೂ ಕೆಂಪಾ? ಫಂಡಿಂಗ್‌ನವರು ಈಗ ನಿಮ್ ಕೆಂಪು ನೋಡಿದ್ರೆ ನಗ್ತಾರೆ ಕಣ್ರೀ. ಮೂರೇ ಮೂರು ಇಟ್ಕೊಳಿ. ಯಾವ ಮೂರು ಅಂತ ನೀವೇ ಡಿಸೈಡ್ ಮಾಡಿ, ಆ ಮೂರಕ್ಕೆ ನಾನು ಫೈಟ್ ಮಾಡ್ತೀನಿ.”

ನ್ಯಾಯವಾದ ಮಾತು. ಎರಡು ದಿನ ಕೂತು ಆರಿಸಿದೆ. ಒಂದು, ಸೇತುವೆಯ ಕಂಬದ ಬಿರುಕು. ಅದು ಗಾರೆಯ ಬಿರುಕಷ್ಟೇ ಎಂದು ಆಮೇಲೆ ತಿಳಿಯಿತು. ಎರಡು, ಡಾಂಬರಿನ ಪರೀಕ್ಷಾ ದಾಖಲೆಗಳಲ್ಲಿ ಸಹಿ ಇಲ್ಲದಿದ್ದುದು. ಮೂರು, ಲ್ಯಾಬಿನ ತಕ್ಕಡಿಯ ಪ್ರಮಾಣಪತ್ರದ ಅವಧಿ ಮುಗಿದಿದ್ದುದು. ಮೂರಕ್ಕೂ ಕಾರಣ ಒಂದೇ: ನಾಳೆ ಆಡಿಟ್‌ನವರು ಬಂದರೆ ‘ನೀನೇಕೆ ನೋಡಲಿಲ್ಲ’ ಎಂದು ಕೇಳುವುದು ಇವುಗಳನ್ನೇ. ಕಂಡಿಯ ವಿಷಯ ಯಾರೂ ಕೇಳುವಂತಿರಲಿಲ್ಲ, ಒಪ್ಪಿಗೆ ಪತ್ರವೇ ಇತ್ತಲ್ಲ. ಅದಕ್ಕೆ ಹಳದಿ ಕೊಟ್ಟೆ. ಊರಿಗೆಲ್ಲ ಚಿಂತಿಸುವವನು ಎಂದು ನನ್ನನ್ನು ನಾನು ತಿಳಿದಿದ್ದೆ. ಕೆಂಪು ಮೂರಕ್ಕೆ ಇಳಿದಾಗ, ನನ್ನ ಚಿಂತೆಯೆಲ್ಲ ನನ್ನ ಕುರ್ಚಿಯೊಂದರದ್ದೇ ಎಂದು ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ.

ಮುಂದಿನ ಭೇಟಿಯಲ್ಲೂ ಹಳದಿ. ಅದರ ಮುಂದಿನ ಸಲ ಹೋಗುವಷ್ಟರಲ್ಲಿ ಡಾಂಬರು ಬಿದ್ದಾಗಿತ್ತು; ಇನ್ನು ಏರಿ ಒಡೆಯಿರಿ ಎಂದು ಯಾರಿಗೆ ಹೇಳುವುದು? ‘ನಿಧಾನವಾಗಿ ಚಲಿಸಿ’ ಎಂಬ ಫಲಕ ನೆಡಲು ಶಿಫಾರಸು ಮಾಡಿದೆ. ನೆಟ್ಟರು. ಹಸಿರಾಯಿತು.

೨೦೧೬ರಲ್ಲಿ ಕಡೆಯ ತಪಾಸಣೆ. ರಸ್ತೆ ಕನ್ನಡಿಯಂತಿತ್ತು, ಲಾರಿಗಳು ಗಡಿಯತ್ತ ಹಾರುತ್ತಿದ್ದವು. ಏರಿಯ ಕೆಳಗೆ ಮಾಮಾ ಹಲೀಮಾ ಒಬ್ಬರೇ ಕತ್ತೆ ಹಿಡಿದು ನಿಂತಿದ್ದರು. ಜೀಪ್ ನಿಲ್ಲಿಸಿ ಮಾತಾಡಿಸಿದೆವು. ಅವರ ತಂಗಿ ನಾಲ್ಕು ತಿಂಗಳ ಹಿಂದೆ, ಆ ಫಲಕದಿಂದ ಐವತ್ತು ಹೆಜ್ಜೆ ಆಚೆ, ನೀರು ತುಂಬಿಕೊಂಡು ದಾಟುವಾಗ ಲಾರಿಗೆ ಸಿಕ್ಕಿ ಸತ್ತಿದ್ದರು. ನಾನು ಒಪ್ಪಿಗೆ ಪತ್ರ, ನಿಯಮ, ನನ್ನ ಅಧಿಕಾರದ ಮಿತಿ ಎಲ್ಲವನ್ನೂ ಮನಸ್ಸಿನಲ್ಲೇ ಜೋಡಿಸಿಕೊಳ್ಳತೊಡಗಿದೆ. ಅವರು ಬಯ್ಯಲೇ ಇಲ್ಲ.

“ಅವತ್ತು ನೀನು ಬರೆದೆಯಲ್ಲ, ಬ್ವಾನಾ?”

“ಬರೆದೆ.”

“ತಂಗಿ ಏಳೋದಿಲ್ಲ ಅಂದಿದ್ದಳು. ಕಂಡಿ ಕೊಡೋವರೆಗೂ ರೋಲರ್ ಮುಂದೆಯೇ ಇರ್ತೀನಿ ಅಂದಳು. ಇಂಡಿಯಾದವನು ಬರೆದಿದ್ದಾನೆ, ಏಳೇ ಅಂತ ಕೈ ಹಿಡಿದು ಎಬ್ಬಿಸಿದವಳು ನಾನು.”

ಮುಟುವಾ ಇದನ್ನು ನನ್ನ ಮುಖ ನೋಡದೆ ಅನುವಾದಿಸಿದ.

ಯೋಜನೆಗೆ ‘ತೃಪ್ತಿಕರ’ ಎಂಬ ಶ್ರೇಣಿ ಸಿಕ್ಕಿತು. ಆದ್ಯತೆ ಗುರುತಿಸುವುದರಲ್ಲಿ ಸುಧಾರಿಸಿದ್ದೇನೆ ಎಂದು ನನ್ನ ಅಪ್ರೈಸಲ್‌ನಲ್ಲಿ ಬರೆದರು.

ಕೆಲಸ ಕಲಿಸಿದ್ದು ಇಷ್ಟು: ಅವತ್ತು ರಸ್ತೆಯನ್ನು ನಿಜವಾಗಿ ನಿಲ್ಲಿಸಿದ್ದವರು ಆ ಇಪ್ಪತ್ತು ಹೆಂಗಸರು. ಅವರನ್ನು ಎಬ್ಬಿಸಿದ್ದು ನನ್ನ ಪೆನ್ನು. ಈಗಲೂ ಇದೇ ಉದ್ಯೋಗದಲ್ಲಿದ್ದೇನೆ. ಯಾವ ಸೈಟಿನಲ್ಲಾದರೂ ಜನ ರಸ್ತೆಗೆ ಅಡ್ಡ ಕೂತು “ಬರೆದುಕೊಳ್ಳಿ ಸಾರ್” ಎಂದರೆ, ಪೆನ್ನು ತೆಗೆಯುವ ಮುಂಚೆ ಹೇಳುತ್ತೇನೆ: ನಾನು ಬರೆದುಕೊಳ್ಳುತ್ತೇನೆ, ನೀವು ಮಾತ್ರ ಏಳಬೇಡಿ.