ಅರ್ಧ ಚರಗಿ ನೀರು

ಆಡು ಕಾಯುವಾಗ ಬಿದ್ದು ನನ್ನ ಅತ್ತೆಯ ತೊಡೆಯ ಎಲುಬು ಮುರಿಯಿತು. ನಮ್ಮೂರು ನಿರ್ಣಾದಿಂದ ಎತ್ತಿನ ಗಾಡಿಯಲ್ಲಿ ಹುಮನಾಬಾದಿನ ಆಸ್ಪತ್ರೆಗೆ ತಂದೆವು. ಕಾಲಿಗೆ ತೂಕ ಕಟ್ಟಿ, ಅಲುಗಾಡಬೇಡ ಎಂದರು. ನನ್ನ ಗಂಡ ತೀರಿಕೊಂಡಿದ್ದ, ಆರೈಕೆಗೆ ನಾನೊಬ್ಬಳೇ.

ನಮ್ಮ ಹೆಂಗಸರು ಬಯಲಿಗೆ ಹೋಗುವುದು ದಿನಕ್ಕೆ ಎರಡೇ ಸಲ, ಹೊತ್ತು ಮೂಡುವ ಮುಂಚೆ, ಮುಳುಗಿದ ಮೇಲೆ. ನಡುವೆ ಬಂದರೆ ತಡೆದುಕೊಳ್ಳಬೇಕು. ಗಂಡಸರು ಓಡಾಡುವ ವಾರ್ಡಿನಲ್ಲಿ ಹಾಸಿಗೆಯ ಮೇಲೆ ಹೇಗೆ ಮಾಡಿಯಾಳು? ನೀರೇ ಬೇಡ ಎಂದಳು. ನಾನೂ ಒಳ್ಳೆಯದೇ ಆಯಿತೆಂದು ದಿನಕ್ಕೆ ಅರ್ಧ ಚರಗಿ ಕೊಟ್ಟೆ. ಎತ್ತುವುದು, ತೊಳೆಯುವುದು ತಪ್ಪಿತು.

ನಾಲ್ಕನೆಯ ದಿನ ಮೈ ಕಾದು ಮಾತು ದಾರಿ ತಪ್ಪಿತು. ಗೋಡೆಯತ್ತ ಕೈ ಬೀಸಿ ಆಡು ಅಟ್ಟಿದಳು. ಆಮೇಲೆ ನನ್ನ ಗಲ್ಲ ಸವರಿ, "ತಂಗಿ, ಉಂಡಿಯೇನ? ಎಷ್ಟ್ ಬತ್ತೀದಿ," ಎಂದಳು. ಆಕೆಯ ತಂಗಿ ಸತ್ತು ಬಹಳ ವರ್ಷವಾಗಿತ್ತು. ಮದುವೆಯಾಗಿ ಬಂದ ಮೇಲೆ ನನ್ನನ್ನು ಉಂಡೆಯಾ ಎಂದು ಯಾರೂ ಕೇಳಿರಲಿಲ್ಲ. ಉಂಡೀನಿ ಅಕ್ಕಾ, ಎಂದೆ.

ಊರಿನಿಂದ ಮೈದುನ ಬಂದು ನೋಡಿದ. "ಗಾಳಿ ಸೋಕ್ಯಾದ ವೈನಿ. ಜೀಪ್ ತಂದೀನಿ. ಬಸವಕಲ್ಯಾಣದಾಗ ತಾಯತ ಕಟ್ಟಸ್ತೀನಿ, ನಡಿ."

ನರ್ಸಬಾಯಿ ಅಡ್ಡ ನಿಂತಳು. "ಗಾಳಿ ಅಲ್ಲೋ ಯಪ್ಪಾ. ಉಚ್ಚಿ ಹಾದಿ ಕೀವಾಗ್ಯಾದ, ಅದರ ನಂಜು ತಲಿಗೇರ್ಯಾದ."

ಅವನು ಕೇಳಲಿಲ್ಲ, ಕಾಲಿನ ತೂಕದ ಹಗ್ಗಕ್ಕೆ ಕೈ ಹಾಕಿದ. ಜೀಪಿಗೆ ಹಾಕಿದರೆ ಮುದುಕಿ ಉಳಿಯುತ್ತಿರಲಿಲ್ಲ.

"ಕೈ ತೆಗಿ. ಗಾಳಿ ಅಲ್ಲ, ನಾನೇ ನೀರು ಕಡಿಮಿ ಕೊಟ್ಟೀನಿ," ಎಂದೆ.

"ಹಂಗಾದ್ರ ನೀನೇ ಸಾಯಿಸಾಕತ್ತಿದಿ. ನೀನೇ ಬದುಕಿಸು." ಒಬ್ಬನೇ ಜೀಪು ಹತ್ತಿ ಹೋದ. ಆಮೇಲೆ ಊರಿನಿಂದ ಯಾರೂ ಬರಲಿಲ್ಲ.

ಸೂಜಿ ಚುಚ್ಚುತ್ತಿದ್ದರು. ಮಂಚಕ್ಕೆ ಹಳೆಯ ಸೀರೆಯ ಮರೆ ಕಟ್ಟಿ ಬೆಡ್‌ಪ್ಯಾನ್ ಇಟ್ಟೆ. ಗುಟುಕು ಗುಟುಕಾಗಿ ದಿನಕ್ಕೆ ಮೂರು ಚರಗಿ ಕುಡಿಸಿದೆ. ಕುಡಿಯುವಾಗಲೆಲ್ಲ ನನ್ನ ಕೈ ಹಿಡಿದು ತಂಗಿ, ತಂಗಿ ಎನ್ನುತ್ತಿದ್ದಳು. ಗುಣವಾಗಲಿ ಅಂತಲೂ ಇತ್ತು, ಇಷ್ಟು ಬೇಗ ಬೇಡ ಅಂತಲೂ ಇತ್ತು. ಸುಳ್ಳು ಯಾಕೆ ಹೇಳಲಿ.

ಎಂಟನೆಯ ದಿನ ಬೆಳಿಗ್ಗೆ ಕಣ್ಣು ತೆರೆದು ನನ್ನನ್ನು ನೆಟ್ಟಗೆ ನೋಡಿದಳು.

"ಕಂಬದಂಗ ಯಾಕ ನಿಂತಿದಿ? ನೀರ್ ತಾ."

ಅತ್ತೆ ತಿರುಗಿ ಬಂದಿದ್ದಳು. ಚರಗಿ ತುಂಬಿ ತಂದುಕೊಟ್ಟೆ. ಈ ಸಲ ತಾನೇ ಹಿಡಿದು ಕುಡಿದಳು.