ಮೂಡಲಕ್ಕೆ ಮುಖ ಮಾಡಿದ ಕಾರು

ಎದುರಂಗಡಿಯವರ ಎಡಗಿವಿಯ ಮೇಲೆ ಸದಾ ಒಂದು ಗೇಣು ಕೆಂಪು ವೈರು ಇರುತ್ತಿತ್ತು, ಬಡಗಿ ಪೆನ್ಸಿಲ್ ಸಿಕ್ಕಿಸಿಕೊಂಡ ಹಾಗೆ. ಮಾತಾಡುತ್ತಾ ಅದನ್ನು ತೆಗೆದು, ತುದಿಯನ್ನು ಹಲ್ಲಿನಿಂದ ಸುಲಿದು, ಮತ್ತೆ ಅಲ್ಲೇ ಇಡುತ್ತಿದ್ದರು. ಮಳವಳ್ಳಿಯಲ್ಲಿ ರಸ್ತೆಯ ಈ ಬದಿ ನನ್ನ ಅಂಗಡಿ, ಆ ಬದಿ ಅವರದು. ಇಬ್ಬರದೂ ಗಾಡಿಗಳ ವೈರಿಂಗ್ ಕೆಲಸವೇ. ನಾನು ಐಟಿಐ ಓದಿದವನು, ಕಂಪ್ಯೂಟರ್ ಸ್ಕ್ಯಾನರ್ ಇಟ್ಟವನು. ಅವರ ಬಳಿ ಇದ್ದದ್ದು, ಕರೆಂಟು ಬರುತ್ತಿದೆಯೇ ನೋಡಲು, ಎರಡು ವೈರು ಕಟ್ಟಿದ ಒಂದು ಬಲ್ಬು. ಆದರೂ ನಾನು ಷಟರ್ ಎತ್ತುವ ಹೊತ್ತಿಗೆ ಅವರ ಮುಂದೆ ನಾಲ್ಕು ಗಾಡಿ ನಿಂತಿರುತ್ತಿದ್ದವು. ಹನ್ನೊಂದು ವರ್ಷ ನಾನು ಆ ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಅವರಿಗೆ ಜ್ವರ ಬಂದು ಅಂಗಡಿ ಮುಚ್ಚಿದ ದಿನ ನನಗೆ ಊಟ ರುಚಿಸುತ್ತಿತ್ತು.

ಬಂದವರ ಗಾಡಿಯ ಬಾನೆಟ್ ಅವರು ಮೊದಲಿಗೇ ಎತ್ತುತ್ತಿರಲಿಲ್ಲ. ಯಜಮಾನನನ್ನು ಕೂರಿಸಿ, ಟೀ ತರಿಸಿ, ನಿನ್ನೆ ಎಲ್ಲಿಗೆ ಹೋಗಿದ್ದೆ, ಯಾರು ಯಾರು ಕೂತಿದ್ದರು ಎಂದು ಕೇಳುತ್ತಿದ್ದರು. ಹೆಣ್ಣು ನೋಡಲು ಬಂದವರ ಹಾಗೆ ವಿಚಾರಿಸುತ್ತಾರೆ ಎಂದು ನಾನು ಗೇಲಿ ಮಾಡುತ್ತಿದ್ದೆ. ಸರಿಯಾಗಿ ಸ್ಟಾರ್ಟ್ ಆಗುತ್ತಿರುವ ಗಾಡಿ ತಂದು, "ಒಂದೊಂದ್ಸಲ ಕೈ ಕೊಡ್ತದೆ" ಎಂದರೆ ವಾಪಸು ಕಳಿಸುತ್ತಿದ್ದರು. "ಓಡೋ ಗಾಡೀಲಿ ಏನಂತ ಉಡುಕ್ಲಿ? ಕೆಟ್ಟಾಗ ಕೂಗಿ, ಬತ್ತೀನಿ." ಕರೆದರೆ ಎಷ್ಟು ದೂರವಾದರೂ ಹೋಗುತ್ತಿದ್ದರು.

ಬೆಳಕವಾಡಿಯಲ್ಲಿರುವ ನನ್ನ ಮಾವನವರದು ಇಪ್ಪತ್ತು ವರ್ಷದ ಹಳೆಯ ಕಾರು. ಅತ್ತೆಗೆ ಕಿಡ್ನಿ ತೊಂದರೆ, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಮಂಡ್ಯಕ್ಕೆ ಹೋಗಬೇಕು. ಹೊರಡುವ ಬೆಳಗ್ಗೆಯೇ ಕಾರು ಟಕ್ ಎಂದು ಸುಮ್ಮನಾಗುತ್ತಿತ್ತು, ಸೆಲ್ಫ್ ಎತ್ತುತ್ತಿರಲಿಲ್ಲ. ತಳ್ಳಿದರೆ ಹೊರಡುತ್ತಿತ್ತು. ಬ್ಯಾಟರಿ ಬದಲಿಸಿದೆ, ಸೆಲ್ಫ್ ಮೋಟಾರೂ ಬದಲಿಸಿದೆ. ನನ್ನ ಅಂಗಡಿಯ ಮುಂದೆ ನಿಲ್ಲಿಸಿದರೆ ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟು. ಒಂದು ಬೆಳಗ್ಗೆ ತಳ್ಳಲು ಜನ ಸಿಗದೆ ಅತ್ತೆಯ ಸರದಿ ತಪ್ಪಿತು. ಮಾರನೆಯ ದಿನದ ಹೊತ್ತಿಗೆ ಅವರಿಗೆ ಉಸಿರಾಡುವುದೇ ಕಷ್ಟವಾಯಿತು. ಮಾವ ಫೋನಿನಲ್ಲಿ, "ನಿಮ್ ಕೈಲಾಗದಿದ್ರೆ ಏಳ್ಬುಡಿ ಅಳಿಮಯ್ಯ, ಎದ್ರಂಗ್ಡಿಯೋರ್ಗೇ ತೋರಿಸ್ತೀನಿ" ಎಂದರು.

ಆ ಮಾತು ನನ್ನನ್ನು ಸುಟ್ಟುಬಿಟ್ಟಿತು. ಮಾವ ಹೋಗುವ ಮೊದಲು ನಾನೇ ಹೋಗುವುದು ಮೇಲೆಂದು, ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೆಲಸ ಕೇಳಲು ರಸ್ತೆ ದಾಟಿದೆ. ಅವರು ನಗಲಿಲ್ಲ. "ನಡೀಲಾ ಮಗ, ಓಗ್ಬರವ" ಎಂದು ನನ್ನ ಬೈಕಿನ ಹಿಂದೆ ಕೂತರು.

ಮಾವ ಗದ್ದೆಗೆ ಹೋಗಿದ್ದರು. ಅತ್ತೆಗೆ ಇವರು, "ಬಂಡೂರ್ಗೆ ಕುರಿ ನೋಡಕ್ ಓಯ್ತಿದ್ದೆ ಕಣವ್ವ, ಅಂಗೇ ಬಂದೆ" ಎಂದು ಸುಳ್ಳು ಹೇಳಿ ಜಗಲಿಯ ಮೇಲೆ ಕೂತರು. ಮಜ್ಜಿಗೆ ಕುಡಿಯುತ್ತಾ ಆಸ್ಪತ್ರೆ, ಪಥ್ಯ ಎಲ್ಲ ವಿಚಾರಿಸಿದರು. ಕೊನೆಗೆ, "ಆಸ್ಪತ್ರೆಗೋಗೋ ಇಂದ್ಲ ಸಂಜೆ ಏನೇನ್ ಮಾಡ್ಕತೀರವ್ವ?" ಎಂದರು.

"ಬಟ್ಟೆ ಜೋಡಿಸ್ಕತೀನಿ. ನಮ್ಮೋರು ಕಾರ್ನ ಮೂಡ್ಲಕ್ಕೆ ಮಕ ಮಾಡಿ ನಿಲ್ಲಿಸ್ತಾರೆ, ಒಳ್ಳೇದಾಗ್ಲಿ ಅಂತ. ಮಿಕ್ಕಿದ್ ದಿನ ಬೇವಿನ್ ಮರದಡೀಲೇ ಇರ್ತದೆ."

ಮನೆಯ ಮುಂದೆ ಮೂಡಲಕ್ಕೆ ಮುಖ ಮಾಡಿದರೆ ಕಾರಿನ ಮುಂದಿನ ಚಕ್ರಗಳು ಜಗಲಿಯ ಮುಂದೆ ಹಾಸಿದ ಚಪ್ಪಡಿ ಹತ್ತಲೇಬೇಕು. ಅವರು ನನಗೆ ಕಣ್ಸನ್ನೆ ಮಾಡಿದರು. ಹಾಗೇ ನಿಲ್ಲಿಸಿ ಕೀಲಿ ತಿರುಗಿಸಿದೆ. ಟಕ್. "ಅರ್ಥಿಂಗ್ ನೋಡ್ಲಾ" ಎಂದು ಪಿಸುಗುಟ್ಟಿದರು. ಇಂಜಿನ್ ಕೂರುವ ರಬ್ಬರು ಸವೆದಿತ್ತು. ಮೂತಿ ಮೇಲಾದಾಗ ಇಂಜಿನ್ ಹಿಂದಕ್ಕೆ ವಾಲಿ, ಅದರಿಂದ ಕಾರಿನ ಕಬ್ಬಿಣದ ಮೈಗೆ ಬರುವ ಅರ್ಥಿಂಗ್ ವೈರನ್ನು ಎಳೆಯುತ್ತಿತ್ತು. ಒಳಗೆ ಎಳೆಗಳು ತುಂಡಾಗಿದ್ದ ವೈರು ಆಗ ಬಿಟ್ಟುಕೊಂಡು ಕರೆಂಟು ಕಡಿಯುತ್ತಿತ್ತು. ಸಮನೆಲದಲ್ಲಿ ಮತ್ತೆ ಕೂಡಿಕೊಳ್ಳುತ್ತಿತ್ತು. ನಾನು ಅತ್ತೆಯನ್ನು ಒಂದು ಮಾತೂ ಕೇಳಿರಲಿಲ್ಲ.

ನಾನು ಹೊಸ ವೈರು ಹಾಕಿ ಬಿಗಿಯುತ್ತಿರುವಾಗ ಮಾವ ಬಂದರು. ಕಾರು ಚಪ್ಪಡಿಯ ಮೇಲೇ ನಿಂತು ಸ್ಟಾರ್ಟ್ ಆದದ್ದನ್ನು ನೋಡಿ, "ಕಂಡಿಡ್ದ್ಬುಟ್ರು ನೋಡಮ್ಮಿ ನಮ್ಮಳಿಮಯ್ಯ!" ಎಂದು ಕೂಗಿದರು. ಆಮೇಲೆ ಜಗಲಿಯಲ್ಲಿ ಕೂತಿದ್ದ ಅವರ ಕಡೆ ತಿರುಗಿ, "ನೀವೂ ಕಲೀಬೇಕು ಬುಡಿ ಇವರ್ತವ" ಎಂದರು.

"ಔದು ಕಣೇಳಿ" ಎಂದರು ಅವರು, ಲೋಟ ಕೆಳಗಿಡುತ್ತಾ.

ನಾನು ಬಾಯಿ ಬಿಡಲಿಲ್ಲ. ಅವರ ಕೈಚಳಕಕ್ಕಿಂತ ಆ ಒಂದು ಮಾತಿನ ಮೇಲೆಯೇ ನನಗೆ ಹೆಚ್ಚು ಹೊಟ್ಟೆಕಿಚ್ಚಾಯಿತು. ಅಂಥ ಮಾತು ನನ್ನ ಬಾಯಲ್ಲಿ ಹುಟ್ಟುವುದಿಲ್ಲ.

ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ಮಾವನೂ ಬಂದಿದ್ದರು. ಹೆಣದ ಮುಂದೆ ನಿಂತು ನನ್ನ ಕಿವಿಯಲ್ಲಿ, "ಪಾಪ, ಒಳ್ಳೇ ಮನ್ಸ. ಕೆಲ್ಸದಲ್ಲಿ ಮಾತ್ರ ನಿಮ್ ಸಮ ಇರ್ನಿಲ್ಲ ಬುಡಿ" ಎಂದರು. ನನಗೆ ತಡೆಯಲಾಗಲಿಲ್ಲ.

"ಮಾವ, ಅವತ್ತು ಕಂಡಿಡ್ದಿದ್ದು ನಾನಲ್ಲ. ಇವ್ರು."

ಮಾವ ನನ್ನ ಮುಖ ನೋಡಲಿಲ್ಲ. ಹೆಗಲ ಟವೆಲ್ ತೆಗೆದು ಕಂಕುಳಲ್ಲಿಟ್ಟುಕೊಂಡು, ಬಗ್ಗಿ ಅವರ ಎರಡೂ ಪಾದ ಹಿಡಿದು, ಬಹಳ ಹೊತ್ತು ಹಾಗೇ ಇದ್ದರು. ಪಕ್ಕದಲ್ಲಿ ನಿಂತು ಅದನ್ನು ನೋಡುತ್ತಿದ್ದ ನನಗೆ, ಆಗಲೂ, ಹೊಟ್ಟೆ ಉರಿಯಿತು.